ಬೆನ್ನಿಗೆ ಹತ್ತಿದ ಮಣ್ಣು

ಕೊರೋನಾ ಗಲಾಟೆ ಅಡಗಿ, ಕುಸ್ತಿ ಕಣಗಳು ಮತ್ತೆ ಜನರಿಂದ ತುಂಬತೊಡಗಿದ ವರ್ಷ ಅದು. ನಾನು ಆಗ ಕಲಘಟಗಿ ಬದಿಯ ಒಂದು ಸರಕಾರಿ ಆಸ್ಪತ್ರೆಯಲ್ಲಿ ಮೂಳೆ ಡಾಕ್ಟರಾಗಿದ್ದೆ. ಊರವರ ಬಾಯಲ್ಲಿ ‘ಎಲುಬಿನ ಡಾಕ್ಟರಬಾಯಿ’. ಟ್ರ್ಯಾಕ್ಟರಿನಿಂದ ಬಿದ್ದವರು, ಎತ್ತು ಹಾಯ್ದವರು, ಬೈಕು ಜಾರಿದವರು ನನ್ನ ನಿತ್ಯದ ಗಿರಾಕಿಗಳು. ಅವರ ನಡುವೆ ಒಬ್ಬಿಬ್ಬರಾದರೂ ಪೈಲ್ವಾನರು ಇದ್ದೇ ಇರುತ್ತಿದ್ದರು.

ನಮ್ಮ ಕಡೆ ಪೈಲ್ವಾನಿಕೆ ಬರೀ ಹವ್ಯಾಸವಲ್ಲ, ಅದನ್ನೇ ಕಸುಬು ಮಾಡಿಕೊಂಡವರಿದ್ದಾರೆ. ಸುಗ್ಗಿ ಮುಗಿದಂದಿನಿಂದ ಮಳೆ ಹಿಡಿಯುವವರೆಗೆ ಊರಿಂದ ಊರಿಗೆ ತಿರುಗಿ ಕುಸ್ತಿ ಹಿಡಿಯುತ್ತಾರೆ. ಬಂದ ಇನಾಮಿನಲ್ಲೇ ಹಾಲು, ತುಪ್ಪ, ಬಾದಾಮಿಯ ಖುರಾಕೂ ನಡೆಯಬೇಕು, ಮನೆತನವೂ ನಡೆಯಬೇಕು. ಗಾಯವಾದರೆ ರಜೆಯಿಲ್ಲ, ವಿಮೆಯಿಲ್ಲ, ಕಣದ ಹತ್ತಿರ ಒಬ್ಬ ಡಾಕ್ಟರೂ ಇಲ್ಲ. ಮೈಯೇ ಬಂಡವಾಳವಾದ ಕಸುಬಿನಲ್ಲಿ ಮೈಯನ್ನು ಕೇಳುವವರು ಯಾರೂ ಇಲ್ಲವೆನ್ನುವುದು ನನಗೆ ಸಿಟ್ಟು ತರಿಸುತ್ತಿತ್ತು. ನನಗೆ ಸಿಟ್ಟು ಬೇಗ ಬರುತ್ತದೆ. ಆಸ್ಪತ್ರೆಯ ಗೋಡೆಗಳಿಗೂ ಅದು ಗೊತ್ತು.

ಈ ಪೈಲ್ವಾನರದ್ದು ಒಂದು ವಿಚಿತ್ರ ನಡತೆಯಿತ್ತು. ನನ್ನ ಟೇಬಲ್ಲಿನ ಮೇಲೆ ಬೋರಲು ಮಲಗುವರು, ಕುಳಿತು ತೋರಿಸುವರು; ಆದರೆ ಇನ್ನೊಬ್ಬ ಪೈಲ್ವಾನ ಕೋಣೆಯಲ್ಲಿದ್ದರೆ ಅಂಗಾತ ಮಲಗಲು ಒಲ್ಲರು. ಒಮ್ಮೆ ಎರಡು ಬೇರೆ ಗರಡಿಗಳ ಇಬ್ಬರು ಒಂದೇ ಹೊತ್ತಿಗೆ ಬಂದಿದ್ದರು. ಒಬ್ಬನಿಗೆ ಮೊಣಕಾಲು, ಇನ್ನೊಬ್ಬನಿಗೆ ಭುಜ. ‘ಮೊದಲ ಅವ ಮಲಗ್ಲಿ’ ಎಂದು ಇವ, ‘ಮೊದಲ ಇವ ಮಲಗ್ಲಿ’ ಎಂದು ಅವ. ಕೊನೆಗೆ ಒಬ್ಬನನ್ನು ಹೊರಗೆ ಅಟ್ಟಿ ಬಾಗಿಲು ಹಾಕಿದ ಮೇಲೆಯೇ ತಪಾಸಣೆ ನಡೆಯಿತು. ಕುಸ್ತಿಯಲ್ಲಿ ಬೆನ್ನಿಗೆ ಮಣ್ಣು ಹತ್ತಿದರೆ ಸೋಲು, ಅದನ್ನೇ ‘ಚಿತ್’ ಅನ್ನುತ್ತಾರೆ. ಆದರೆ ಆಸ್ಪತ್ರೆಯ ರೆಕ್ಸಿನ್ ಹಾಸಿಗೆಗೂ ಈ ನಿಯಮವೇ ಎಂದು ನಾನೂ ನಮ್ಮ ಸಿಸ್ಟರೂ ಹೊಟ್ಟೆ ಹುಣ್ಣಾಗುವಂತೆ ನಕ್ಕಿದ್ದೆವು.

ಆ ನಗು ಬಹಳ ದಿನ ಉಳಿಯಲಿಲ್ಲ. ಆ ಸೀಜನ್ನಿನ ಆರಂಭದಲ್ಲೇ ಒಬ್ಬ ಹುಡುಗನನ್ನು ಮೋಟಾರ್ ಸೈಕಲ್ಲಿನ ಮೇಲೆ ಇಬ್ಬರ ನಡುವೆ ಕೂರಿಸಿಕೊಂಡು ತಂದರು. ಕಣದಲ್ಲಿ ತಲೆ ಕೆಳಗಾಗಿ ಬಿದ್ದಿದ್ದನಂತೆ. ಬಿದ್ದ ಕೂಡಲೇ ಗೆಳೆಯರು ಓಡಿಹೋಗಿ ಕಂಕುಳಿಗೆ ಕೈ ಕೊಟ್ಟು ಎಬ್ಬಿಸಿ ನಿಲ್ಲಿಸಿದ್ದರು. ನಿಂತಾಗ ಕಾಲು ಆಡುತ್ತಿದ್ದವಂತೆ, ನನ್ನ ಮುಂದೆ ಬರುವಷ್ಟರಲ್ಲಿ ಆಡುತ್ತಿರಲಿಲ್ಲ. ಕುತ್ತಿಗೆಯ ಮೂಳೆ ಮುರಿದದ್ದು ಕಣದಲ್ಲಿ; ಅದರೊಳಗಿನ ನರಹುರಿ, ಅಂದರೆ ಸ್ಪೈನಲ್ ಕಾರ್ಡ್, ಹಾಳಾದದ್ದು ದಾರಿಯಲ್ಲಿ. ಆ ಹುಡುಗ ಇವತ್ತಿಗೂ ಗಾಲಿಕುರ್ಚಿಯಲ್ಲಿದ್ದಾನೆ. ಅವನನ್ನು ತಂದ ಗೆಳೆಯರು ಅವನ ಜೀವಕ್ಕೆ ಜೀವ ಕೊಡುವಂಥವರು. ಅದೇ ನನಗೆ ಹೆಚ್ಚು ಸಂಕಟ ಮಾಡಿದ್ದು.

ಮರುವಾರವೇ ನಾನು ದುಮ್ಮವಾಡದ ಬದಿಯ ಒಂದು ಗರಡಿ ಮನೆಗೆ ಹೋದೆ. ಅಲ್ಲಿಯ ವಸ್ತಾದ, ಅಂದರೆ ಕುಸ್ತಿ ಕಲಿಸುವ ಗುರು, ಹನುಮಂತಪ್ಪನವರು. ಎಪ್ಪತ್ತರ ಹತ್ತಿರದ ವಯಸ್ಸು, ತಲೆಗೆ ರುಮಾಲು, ಒಡೆದು ಮುದುಡಿದ ಕಿವಿ. ಕಣದಲ್ಲಿ ಅವರ ಬೆನ್ನಿಗೆ ಎಂದೂ ಮಣ್ಣು ಹತ್ತಿಲ್ಲವೆಂಬುದು ಸುತ್ತಲ ಊರುಗಳಲ್ಲೆಲ್ಲ ಮಾತು. ಅವರು ಒಪ್ಪಿದರೆ ಉಳಿದ ಗರಡಿಗಳೂ ಒಪ್ಪುತ್ತವೆಂಬುದು ನನ್ನ ಲೆಕ್ಕ.

ನಾನು ಹೇಳಿದ ಮೊದಲ ಮಾತುಗಳಿಗೆಲ್ಲ ಅವರು ತಲೆಯಾಡಿಸಿದರು. ಮೈಯಲ್ಲಿ ಗಜಕರ್ಣ ಇದ್ದವನನ್ನು ವಾಸಿಯಾಗುವ ತನಕ ಮಣ್ಣಿಗೆ ಇಳಿಸಬಾರದು ಎಂದೆ, ಆಯಿತೆಂದರು. ಕಣದ ಬಳಿ ಕುಡಿಯುವ ನೀರು ಇಡಬೇಕು ಎಂದೆ, ಅದಕ್ಕೂ ಹೂಂ. ಕಣ್ಣಳತೆಯಲ್ಲಿ ಜೋಡಿ ಹಚ್ಚುವ ಬದಲು ತೂಕ ನೋಡಿ ಹಚ್ಚಿರಿ ಎಂದಾಗ ಒಣಮೆಣಸಿನಕಾಯಿ ಚೀಲ ತೂಗುವ ಕಾಟಾ ಒಂದನ್ನು ತಾವೇ ಹೊಂದಿಸಿದರು. ಪೈಲ್ವಾನರು ಅದರ ಮೇಲೆ ನಿಂತು ಸೀನುತ್ತಿದ್ದರು; ಮೆಣಸಿನಕಾಯಿಯ ಘಾಟು ಹಾಗೆ ಹೋಗುತ್ತದೆಯೇ?

ತೊಡಕು ಬಂದದ್ದು ಕೊನೆಯ ಮಾತಿಗೆ. ಅಂಗಳದಲ್ಲಿ ಬಿದ್ದಿದ್ದ ಒಂದು ಜೋಳದ ದಂಟನ್ನು ಎತ್ತಿಕೊಂಡು ಗಿಣ್ಣಿನ ಬಳಿ ಸ್ವಲ್ಪ ಮುರಿದು ನೆಲದ ಮೇಲಿಟ್ಟೆ.

“ನೋಡ್ರಿ ವಸ್ತಾದರ, ಹಿಂಗ ಇದ್ದಲ್ಲೇ ಬಿಟ್ರ ಒಳಗಿನ ನಾರು ಹರ್ಯಾಂಗಿಲ್ಲ. ಎತ್ತಿ ನಿಲ್ಲಿಸಿದ್ರ?” ಎಂದು ಎತ್ತಿದೆ. ದಂಟಿನ ತುದಿ ಜೋತುಬಿದ್ದು ನಾರು ಹರಿಯಿತು. “ಕುತ್ತಿಗಿ ಮ್ಯಾಲ ಬಿದ್ದವನ್ನ ಎಬ್ಬಿಸಬ್ಯಾಡ್ರಿ. ಅವನ್ನ ಬಿಗಿದು ಒಯ್ಯೂ ಹಲಗಿ ಬರೂ ತನಕ ಅಲ್ಲೇ ಅಂಗಾತ ಇರ್ಲಿ.”

ಹನುಮಂತಪ್ಪನವರು ದಂಟನ್ನು ಕೈಗೆ ತೆಗೆದುಕೊಂಡು ನೋಡಿದರು. “ನೀವು ಹೇಳೂದು ತಿಳೀತದ್ರಿ ಬಾಯಾರ. ಆದ್ರ ಮಂದಿ ಮುಂದ ಕಣದಾಗ ಅಂಗಾತ ಬಿಟ್ಟು ನಿಂತ್ರ ಅದು ಹೆಣ ಆತ್ರಿ, ಪೈಲ್ವಾನ ಅಲ್ಲ. ಸೋತವನ್ನ ಮೊದಲ ಎಬ್ಬಿಸಿ ಬೆನ್ನಿನ ಮಣ್ಣು ಝಾಡಸ್ತೇವಿ. ಅದು ನಮ್ಮ ಧರ್ಮ. ಕಣದಿಂದ ಹೊರಗ ತಂದು ಕೊಡ್ತೀವಿ, ಆಮ್ಯಾಲ ನಿಮ್ಮ ಹಲಗಿ ಹಚಗೋರಿ.”

“ಹೊರಗ ತಂದ ಮ್ಯಾಲ ನನ್ನ ಹಲಗಿ ರೊಟ್ಟಿ ಬಡ್ಯಾಕ ಬರತೈತ್ರಿ ಅಷ್ಟ!” ಎಂದು ರೇಗಿದೆ. ಅವರು ರೇಗಲಿಲ್ಲ, ಚಹಾ ತರಿಸಿದರು. ನಾನು ಸಿಟ್ಟಿನಲ್ಲೇ ಎರಡು ಕಪ್ ಕುಡಿದು ಬಂದೆ.

ಆದರೂ ಹಲಗೆ ಮಾಡಿಸುವ ಯೋಚನೆ ಬಿಡಲಿಲ್ಲ. ಸ್ಪೈನ್ ಬೋರ್ಡ್ ಎಂದರೆ ಒಬ್ಬ ಮನುಷ್ಯನನ್ನು ತಲೆಯಿಂದ ಕಾಲಿನವರೆಗೆ ಅಲುಗದಂತೆ ಬಿಗಿದು ಸಾಗಿಸುವ ಗಟ್ಟಿ ಹಲಗೆ. ಕಲಘಟಗಿಯಲ್ಲಿ ತೊಟ್ಟಿಲು ಮಾಡುವ ಒಬ್ಬ ಬಡಿಗೇರರಿಗೆ ಅಳತೆ ಕೊಟ್ಟೆ. “ತೊಟ್ಟಿಲಾ ಮಾಡೂ ಕೈಲೆ ಸಿದಗಿ ಮಾಡಸ್ತೀರೇನ್ರಿ?” ಎಂದು ಅವರು ಗೊಣಗಿದರು. ಸಿದಗಿ ಅಂದರೆ ಹೆಣ ಹೊರುವ ಚಟ್ಟ. “ಸಿದಗಿ ಬ್ಯಾಡಂತನ ಇದನ್ನ ಮಾಡಸಾಕತ್ತೇನಿ” ಎಂದೆ. ಮೈಗೆ ತಾಗಬಾರದೆಂದು ಅಂಚನ್ನೆಲ್ಲ ತೊಟ್ಟಿಲಿನ ಹಾಗೆಯೇ ನುಣುಪು ಮಾಡಿ, ಹಿಡಿಯಲು ಎರಡೂ ಕಡೆ ಕಂಡಿ ಕೊರೆದುಕೊಟ್ಟರು.

ಕಣದ ಹೊರಗಾದರೆ ಹಲಗೆಗೆ ಅಡ್ಡಿಯಿಲ್ಲವೆಂದು ಹನುಮಂತಪ್ಪನವರು ಕಳಿಸಿದ ನಾಲ್ವರು ಶಿಷ್ಯರು ಆಸ್ಪತ್ರೆಯ ಪಡಸಾಲೆಯಲ್ಲಿ ತರಬೇತಿಗೆ ಬಂದರು. ಒಬ್ಬರು ತಲೆ ಹಿಡಿಯಬೇಕು, ಉಳಿದವರು ತಲೆ ಹಿಡಿದವರ ಮಾತಿಗೆ ಒಟ್ಟಿಗೇ ಮೈಯನ್ನು ದಿಮ್ಮಿಯ ಹಾಗೆ ಹೊರಳಿಸಿ ಹಲಗೆ ತೂರಿಸಬೇಕು. ಬೇಗ ಕಲಿತರು, ಪಟ್ಟು ಕಲಿತ ಮೈ. ಆದರೆ ರೋಗಿಯಾಗಿ ಅಂಗಾತ ಮಲಗಲು ಒಬ್ಬನೂ ತಯಾರಿಲ್ಲ. ಪ್ರತಿ ಸಲವೂ ಮಲಗಿದವರು ಗಾಯಕ್ಕೆ ಪಟ್ಟಿ ಕಟ್ಟುವ ನಮ್ಮ ಡ್ರೆಸ್ಸರ್ ಈರಣ್ಣ. “ಸರಕಾರಿ ನೌಕರಿ ಒಳಗ ಇಷ್ಟ ಸುಖಾ ಎಂದೂ ಸಿಕ್ಕಿರಲಿಲ್ಲ ನೋಡ್ರಿ” ಎಂದು ಅವರು ಒಂದು ಸಲ ಗೊರಕೆಯನ್ನೇ ಹೊಡೆದರು.

ಆ ಶಿಷ್ಯರಲ್ಲಿ ಎಲ್ಲರಿಗಿಂತ ಚುರುಕಾದವನು ಯಲ್ಲಪ್ಪ. ಕುರಿ ಕಾಯುವ ಮನೆಯವನು, ಆ ಸೀಜನ್ನಿನಲ್ಲಿ ಒಂದೂ ಕುಸ್ತಿ ಸೋತಿರಲಿಲ್ಲ. ಅವ್ವ, ಹೆಂಡತಿ, ನಡೆಯಲು ಕಲಿಯುತ್ತಿದ್ದ ಒಂದು ಮಗಳು, ಎಲ್ಲರೂ ಅವನ ತೋಳನ್ನೇ ನೆಚ್ಚಿದವರು.

ಶಲವಡಿಯ ಆಚೆಯ ಒಂದು ಊರಿನಲ್ಲಿ ದೊಡ್ಡ ಕುಸ್ತಿ ಗೊತ್ತಾಯಿತು. “ಬಂದು ನೋಡ್ರಿ ಬಾಯಾರ, ಆಸ್ಪತ್ರ್ಯಾಗ ಕುಂತು ಸಿಟ್ಟಾಗಬ್ಯಾಡ್ರಿ” ಎಂದು ವಸ್ತಾದರೇ ಕರೆದರು. ರವಿವಾರ ಇತ್ತು, ಈರಣ್ಣನವರನ್ನೂ ಹಲಗೆಯನ್ನೂ ಕುತ್ತಿಗೆಯ ಕಾಲರನ್ನೂ ಜೀಪಿನಲ್ಲಿ ಹಾಕಿಕೊಂಡು ಹೋದೆ. ಅದು ಎರೆನಾಡು. ಕಪ್ಪು ಮಣ್ಣು ಒಣಗಿದರೆ ಕಲ್ಲಾಗುತ್ತದೆಂದು ನಮ್ಮ ಕಡೆಯಿಂದಲೇ ಕೆಮ್ಮಣ್ಣು ತರಿಸಿ, ಎಣ್ಣೆ, ಅರಿಶಿಣ, ಮಜ್ಜಿಗೆ ಬೆರೆಸಿ ಕಣ ಹದ ಮಾಡಿದ್ದರು. ಹೆಂಗಸರು ಕಣ ತುಳಿಯುವ ರೂಢಿಯಿಲ್ಲವೆಂದು ನನಗೆ ಹಗ್ಗದ ಹೊರಗೆ ಒಂದು ಪ್ಲಾಸ್ಟಿಕ್ ಕುರ್ಚಿ ಹಾಕಿಕೊಟ್ಟರು. ಮರ್ಯಾದೆಯೇನೂ ಕಡಿಮೆಯಿರಲಿಲ್ಲ, ಕೈಗೆ ಸೋಡಾ ಕೂಡ ಬಂತು.

ಯಲ್ಲಪ್ಪನ ಜೋಡಿ ಸಂಜೆಯ ಬಿಸಿಲಿನಲ್ಲಿ ಬಂತು. ಇಬ್ಬರೂ ಹಿಡಿಮಣ್ಣು ತೆಗೆದು ಒಬ್ಬರ ಮೈಗೊಬ್ಬರು ಸವರಿದರು, ಹಲಗೆ ವಾದ್ಯ ಜೋರಾಯಿತು. ಯಲ್ಲಪ್ಪನದೇ ಮೇಲುಗೈಯಾಗಿತ್ತು. ಅಷ್ಟರಲ್ಲಿ ಎದುರಾಳಿ ಅವನ ಕುತ್ತಿಗೆಗೆ ಕೈ ಹಾಕಿ, ತನ್ನ ಸೊಂಟದ ಮೇಲಿಂದ ಎತ್ತಿ ಒಗೆದ. ಪಟ್ಟು ಸರಿಯಾಗಿಯೇ ಇತ್ತು, ಮೋಸವೇನಿಲ್ಲ. ಯಲ್ಲಪ್ಪ ಪಾರಾಗಲು ಗಾಳಿಯಲ್ಲೇ ಮೈ ತಿರುವಿದ್ದರಿಂದ ತಲೆ ಮೊದಲು ನೆಲಕ್ಕೆ ಬಡಿಯಿತು, ಆಮೇಲೆ ಬೆನ್ನು. ಗೆದ್ದವನ ಕಡೆಯವರು ಕೇಕೆ ಹಾಕಿದರು. ಯಲ್ಲಪ್ಪ ಏಳಲಿಲ್ಲ.

ಕುರ್ಚಿಯಿಂದ ಹೇಗೆ ಎದ್ದೆ, ಹಗ್ಗ ಹೇಗೆ ದಾಟಿದೆ, ನೆನಪಿಲ್ಲ. ಮೂವರು ಶಿಷ್ಯರು ಅವನ ಕಂಕುಳಿಗೆ ಕೈ ಹಾಕಿಯೇ ಬಿಟ್ಟಿದ್ದರು. “ಬಿಡ್ರಲೇ ಅವನ್ನ!” ಎಂದು ನಾನು ಕೂಗಿದ ಕೂಗಿಗೆ ವಾದ್ಯವೂ ನಿಂತಿತು. ಅವರು ಕೈ ಬಿಟ್ಟರು. ನಾನು ಅವನ ತಲೆಯ ಹಿಂದೆ ಮೊಣಕಾಲೂರಿ ಎರಡೂ ಅಂಗೈಯಲ್ಲಿ ತಲೆ ಹಿಡಿದೆ. ಕಾಲ ಬೆರಳು ಆಡಿಸೆಂದೆ, ಆಡಿದವು. ಎಡಗೈ ಮಾತ್ರ ಜೋಮು ಹಿಡಿದಿದೆಯೆಂದ. ಕುತ್ತಿಗೆಯ ಹಿಂದೆ ಬೆರಳಿಟ್ಟಾಗ ಚೀರಿದ. ಮೂಳೆ ಮುರಿದಿತ್ತು, ನರಹುರಿ ಇನ್ನೂ ಉಳಿದಿತ್ತು.

ಈಗ ಅಪಾಯ ಇದ್ದದ್ದು ಬೇರೆ ಯಾರಿಂದಲೂ ಅಲ್ಲ, ಅವನಿಂದಲೇ. “ಬೆನ್ನು ಮಣ್ಣಿಗೆ ಹತ್ತೇತ್ರಿ, ನನ್ನ ಹೊಳ್ಳಿಸ್ರಿ, ಎಬ್ಬಿಸ್ರಿ” ಎಂದು ಬಡಬಡಿಸುತ್ತ ಎದ್ದೇಳಲು ಹವಣಿಸುತ್ತಿದ್ದ. ಅಲುಗಬೇಡ ಎಂದೆ, ಕಾಲು ಹೋಗುತ್ತವೆ ಎಂದೆ, ಬೈದೆ. ಅವನ ಕಿವಿಗೆ ಬಿದ್ದದ್ದು ಸುತ್ತಲಿನ ಜನರ ಗದ್ದಲ ಮಾತ್ರ. ಪೈಲ್ವಾನನ ಕುತ್ತಿಗೆ ಅದು. ಅದರ ಬಲದ ಮುಂದೆ ನನ್ನ ಎರಡು ಕೈ ಯಾವ ಲೆಕ್ಕ? ಅವನ ತಲೆ ನನ್ನ ಅಂಗೈಯಿಂದ ಜಾರತೊಡಗಿತು. ನನ್ನ ಕಣ್ಣ ಮುಂದೆ ಗಾಲಿಕುರ್ಚಿಯ ಹುಡುಗ ಬಂದ. ನನಗೆ ಹೆದರಿಕೆಯಾಯಿತು, ಅಗದಿ ಹೆದರಿಕೆಯಾಯಿತು.

ಆಗ ಹನುಮಂತಪ್ಪನವರು ಕಣಕ್ಕೆ ಬಂದರು. ನನ್ನ ಮುಖ ನೋಡಿದರು, ಅವನ ಮುಖ ನೋಡಿದರು. ರುಮಾಲು ತೆಗೆದು ಪಕ್ಕಕ್ಕಿಟ್ಟರು, ಅಂಗಿ ಬಿಚ್ಚಿದರು. ಯಲ್ಲಪ್ಪನ ಬಾಜುವಿನಲ್ಲಿ ಮೆಲ್ಲಗೆ ಕುಳಿತು, ಅಷ್ಟು ಜನರ ಕಣ್ಣೆದುರು ಬರಿಬೆನ್ನನ್ನು ಮಣ್ಣಿಗೆ ಕೊಟ್ಟು ಅಂಗಾತ ಮಲಗಿಬಿಟ್ಟರು.

“ಯಲ್ಲ್ಯಾ, ಈ ಕಡೆ ಹೊಳ್ಳಿ ನೋಡಬ್ಯಾಡ. ಮಾತು ಕೇಳು ಅಷ್ಟ. ನಿನ್ನ ಬಾಜೂಕ ನಾನೂ ಅಂಗಾತ ಮಲಗೇನಿ. ನಾ ಏಳೂ ತನಕಾ ನೀ ಏಳೂದಿಲ್ಲ.”

ನನ್ನ ಅಂಗೈಯೊಳಗೆ ಆ ಕುತ್ತಿಗೆಯ ಬಿಗಿ ಕರಗಿದ್ದು ನನಗೆ ಇವತ್ತಿಗೂ ಕೈಯಲ್ಲಿ ನೆನಪಿದೆ. “ವಸ್ತಾದರ, ನೀವ್ಯಾಕ್ರಿ...” ಎಂದವನೇ ಯಲ್ಲಪ್ಪ ಅಳತೊಡಗಿದ. ಆದರೆ ಅಲುಗಲಿಲ್ಲ. ಈರಣ್ಣ ಕಾಲರು ಹಾಕಿದರು. ಶಿಷ್ಯರು ನನ್ನ ಮಾತಿಗೆ ಸರಿಯಾಗಿ ಅವನನ್ನು ಹೊರಳಿಸಿ ಹಲಗೆ ತೂರಿಸಿದರು, ಪಡಸಾಲೆಯಲ್ಲಿ ಕಲಿತದ್ದಕ್ಕಿಂತ ಚೊಕ್ಕವಾಗಿ. ಆಂಬುಲೆನ್ಸ್ ಬರುವವರೆಗೆ ಗೆದ್ದ ಪೈಲ್ವಾನ ಕಣ ಸುತ್ತಿ ಇನಾಮು ಕೇಳಲು ಹೋಗದೆ ಯಲ್ಲಪ್ಪನ ಮುಖಕ್ಕೆ ಬಿಸಿಲು ಬೀಳದಂತೆ ಟವೆಲ್ ಹಿಡಿದು ನಿಂತಿದ್ದ. ವಸ್ತಾದರು ಎದ್ದದ್ದು ಹಲಗೆ ಆಂಬುಲೆನ್ಸಿನ ಒಳಗೆ ಹೋದ ಮೇಲೆಯೇ.

ಹುಬ್ಬಳ್ಳಿಯ ದೊಡ್ಡ ಆಸ್ಪತ್ರೆಯಲ್ಲಿ ಸ್ಕ್ಯಾನ್ ಆಯಿತು. ಕುತ್ತಿಗೆಯ ಐದನೆಯ ಮೂಳೆ ಮುರಿದಿತ್ತು. ಇನ್ನೊಂದಿಷ್ಟು ಅಲುಗಿದ್ದರೆ ಮುಗಿಯಿತು ಎಂದರು ಅಲ್ಲಿಯ ಡಾಕ್ಟರು. ಪ್ಲೇಟು ಹಾಕಿ ಕೂಡಿಸಿದರು. ಯಲ್ಲಪ್ಪ ತನ್ನ ಕಾಲ ಮೇಲೆ ನಡೆದು ಮನೆಗೆ ಹೋದ. ಕುಸ್ತಿ ಹಿಡಿಯುವ ಹಾಗಿಲ್ಲ ಎಂದಾಗ ಬಹಳ ಅತ್ತ. ಈಗ ಅವನು ಗರಡಿಯ ಮಕ್ಕಳಿಗೆ ಕುತ್ತಿಗೆ ಉಳಿಸಿಕೊಂಡು ಬೀಳುವುದನ್ನು ಕಲಿಸುತ್ತಾನೆ, ಕಣಗಳಲ್ಲಿ ಹಲಗೆಯ ತಂಡಕ್ಕೆ ಅವನೇ ಮುಖ್ಯ. ಬಡಿಗೇರರು ಆಮೇಲೆ ಸುತ್ತಲ ಗರಡಿಗಳಿಗೂ ಹಲಗೆ ಮಾಡಿಕೊಟ್ಟರು. ಕುತ್ತಿಗೆ ಮೇಲೆ ಬಿದ್ದವನನ್ನು ಈಗ ನಮ್ಮ ಕಡೆ ಯಾರೂ ಎಬ್ಬಿಸುವುದಿಲ್ಲ, ಅವನ ವಸ್ತಾದರೇ ಹೋಗಿ ಪಕ್ಕದಲ್ಲಿ ಕೂರುತ್ತಾರೆ. ನನ್ನ ಮೇಲೆ ಬಂದ ತಕರಾರು ಒಂದೇ, ಚಪ್ಪಲಿ ಹಾಕಿಕೊಂಡೇ ಕಣ ತುಳಿದೆನೆಂದು. ಹೆಂಗಸು ತುಳಿದದ್ದರ ಬಗ್ಗೆ ಯಾರೂ ಸೊಲ್ಲೆತ್ತಲಿಲ್ಲ.

ನಾನು ಜೋಳದ ದಂಟು ಮುರಿದು ತೋರಿಸಿದ್ದೂ ಸುಳ್ಳಲ್ಲ, ಹನುಮಂತಪ್ಪನವರು ಅಡ್ಡ ಹೇಳಿದ್ದೂ ಸುಳ್ಳಲ್ಲ. ಮನುಷ್ಯ ಮಾನಕ್ಕೆ ಅಂಜಿದಷ್ಟು ಸಾವಿಗೆ ಅಂಜುವುದಿಲ್ಲ. ಅವನ ಮೈ ಉಳಿಸಬೇಕಾದರೆ ಮೊದಲು ಅವನ ಮಾನಕ್ಕೆ ಯಾರಾದರೂ ಜೊತೆಯಾಗಬೇಕು. ನನ್ನ ಕಸುಬು ನನಗೆ ಕಲಿಸಿದ್ದರಲ್ಲಿ ಇದು ದೊಡ್ಡದು, ಕಲಿತದ್ದು ಮಾತ್ರ ಕಣದ ಮಣ್ಣಿನಲ್ಲಿ.

ನನ್ನ ನಿವೃತ್ತಿಗೆ ಮುಂಚೆ ಒಂದು ದಿನ ಯಲ್ಲಪ್ಪ ತೋರಿಸಿಕೊಳ್ಳಲು ಬಂದ. ಕೋಣೆಯಲ್ಲಿ ಬೇರೆ ಗರಡಿಯ ಇಬ್ಬರು ಪೈಲ್ವಾನರಿದ್ದರು. ಮಲಗೆಂದು ನಾನು ಹೇಳುವ ಮೊದಲೇ ಟೇಬಲ್ ಹತ್ತಿ ಆರಾಮಾಗಿ ಅಂಗಾತ ಮಲಗಿದ. ಹನುಮಂತಪ್ಪನವರು ಬಾಗಿಲ ಬಳಿ ನಿಂತು ನೋಡುತ್ತಿದ್ದರು. ನನಗೆ ಚೇಷ್ಟೆ ತಡೆಯಲಾಗಲಿಲ್ಲ.

“ವಸ್ತಾದರ, ಅಷ್ಟ ವರ್ಷ ಕಾಯ್ದ ಬೆನ್ನು, ಕಡೀಕ ಮಣ್ಣು ಹತ್ತೇ ಬಿಡ್ತಲ್ರಿ?”

“ಹತ್ತಿತ್ರಿ ಬಾಯಾರ,” ಎಂದರು ಅವರು. “ಮನೀಗಿ ಹೋಗಿ ಜಳಕಾ ಮಾಡಿದ್ನಿ. ಹೋತು.”