ಅಕ್ಕಿ ಡಬ್ಬದಿಂದ ಬಂದ ಫೋನು

ಸರ್ಕಾರ ನಮ್ಮ ಫೋನಿನೊಳಗೆ ಕದ್ದು ನೋಡಬಾರದು, ನೋಡಲೇಬೇಕಿದ್ದರೆ ಜಡ್ಜ್ ಸಹಿ ಬೇಕು ಅಂತ ಭದ್ರಾವತಿಯ ಕಾರ್ಮಿಕರಿಗೆ ಒಂದು ಗಂಟೆ ಭಾಷಣ ಬಿಗಿದೆ. ವಕೀಲ ನಾನು, ಬಿಟ್ಟೇನೆಯೇ? ಯಾರೂ ಫೋನಿನಿಂದ ಕದ್ದು ಕೇಳದಿರಲಿ ಅಂತ ಸಂಘದ ಸೆಲ್ವಿಯಕ್ಕ ಮೊದಲೇ ಎಲ್ಲರ ಫೋನು ಇಸ್ಕೊಂಡು ಅಕ್ಕಿ ಡಬ್ಬಕ್ಕೆ ಹಾಕಿ, ಮುಚ್ಚಳದ ಮೇಲೆ ತಾವೇ ಕೂತಿದ್ದರು.

ಸಭೆ ಮುಗಿದು, ಡಬ್ಬದಿಂದ ನನ್ನ ಫೋನು ಎತ್ಕೊಂಡು ಶಿವಮೊಗ್ಗದ ಬಸ್ಸು ಹತ್ತಿದ ಮೇಲೆ ಒಂದು ಕರೆ ಬಂತು.

"ಏನ್ರೀ, ಆ ಲಾಯರ್ ಏನೇನು ಮಾತಾಡಿದ? ಬರ್ಕೊಂಡ್ರಾ?"

ಫೋನು ತಿರುಗಿಸಿ ನೋಡಿದೆ. ಕಪ್ಪು ಕವರ್ ನನ್ನದರಂತೆಯೇ, ಫೋನು ಮಾತ್ರ ನನ್ನದಲ್ಲ! ಸಭೆಯ ಹಿಂದಿನ ಸಾಲಲ್ಲಿ ಎಲ್ಲಕ್ಕೂ ತಲೆಯಾಡಿಸುತ್ತಿದ್ದವನು ಮಫ್ತಿ ಪೊಲೀಸ್ ಅಂತ ಆಗ ಹೊಳೆಯಿತು. ಲಾಕ್ ಕೂಡ ಇಲ್ಲ. ಒಳಗೇನಿದೆ ನೋಡಲು ಬೆರಳು ಕುಣಿಯತೊಡಗಿತು, ಮಾರಾಯ್ರೇ! ನನ್ನ ಭಾಷಣವೇ ನೆನಪಾಗಿ ಫೋನನ್ನು ಜೇಬಿಗೆ ತುರುಕಿದೆ.

ಅಷ್ಟರಲ್ಲಿ ಅವನೇ ಬೈಕಲ್ಲಿ ಬಂದು, ಬಸ್ಸು ನಿಲ್ಲಿಸಿ ಹತ್ತಿದ.

"ಸಾರ್, ಒಳಗೆ ನೋಡಿದ್ರಾ?"

"ಜಡ್ಜ್ ಸಹಿ ಇಲ್ಲದೆ ನಾನು ನೋಡಲ್ಲಪ್ಪ," ಎಂದೆ ಬೀಗುತ್ತಾ.

"ನಿಮ್ಮದನ್ನ ನಾನೂ ನೋಡಿಲ್ಲ ಸಾರ್, ದೇವರಾಣೆ," ಎಂದು ನನ್ನ ಫೋನು ಕೊಟ್ಟು ತನ್ನದನ್ನು ಇಸ್ಕೊಂಡ. ಇಳಿಯುವಾಗ ತಿರುಗಿ ಹೇಳಿದ: "ಹೆಪ್ಪಿಗೆ ಮೊಸರು ಮರೀಬೇಡಿ. ಮೇಡಂ ಎರಡು ಸಲ ಬರೆದಿದ್ದಾರೆ."

ಫೋನು ತೆರೆದು ನೋಡಿದೆ. ಹೆಂಡತಿ ಮೂರು ಸಲ ಬರೆದಿದ್ದಳು. ಕದ್ದು ನೋಡೋದನ್ನಾದರೂ ನೆಟ್ಟಗೆ ನೋಡಬಾರದೇ?