ಒಂದೇ ಕೈಯಲ್ಲಿ ಹಿಡಿಯುವ ಕ್ಯಾಮೆರಾ

ನನ್ನ ಹೆಂಡತಿಗೆ ಚನ್ನರಾಯಪಟ್ಟಣದಿಂದ ಹೊಳೆನರಸೀಪುರದ ಹತ್ತಿರದ ಒಂದು ಹಳ್ಳಿ ಶಾಲೆಗೆ ವರ್ಗವಾದ ವರ್ಷ, ನಾವು ಬೇಸಿಗೆ ರಜೆಯನ್ನೆಲ್ಲ ನಾಲೆ ಏರಿಯ ಮೇಲೆ ಕಳೆದೆವು. ಆ ಹಳ್ಳಿಗೆ ಬೆಳಗಿನ ಬಸ್ಸು ಬರುತ್ತಿದ್ದುದು ಮಕ್ಕಳ ಪ್ರಾರ್ಥನೆ ಮುಗಿದ ಮೇಲೆ. ನಾನು ಬಿಟ್ಟುಬರೋಣವೆಂದರೆ ನನ್ನ ಕೆಲಸ ಅರಕಲಗೂಡಿನಲ್ಲಿ. ಬೆಳಿಗ್ಗೆ ಎದ್ದು ಎದುರು ದಿಕ್ಕಿನ ಬಸ್ಸು ಹತ್ತಬೇಕು. ಉಳಿದದ್ದು ಒಂದೇ ದಾರಿ. ಶಾಲೆ ತೆರೆಯುವುದರೊಳಗೆ ಅವಳು ಸೈಕಲ್ ಕಲಿಯಬೇಕು.

ಕಲಿತಳು ಕೂಡ. ನಾನು ಲೇಡೀಸ್ ಸೈಕಲ್ಲಿನ ಕ್ಯಾರಿಯರ್ ಬಿಟ್ಟು ನಿಂತರೂ ನೆಟ್ಟಗೆ ಹೋಗುತ್ತಿದ್ದಳು. ಆದರೆ ಅದನ್ನು ಅವಳೇ ನಂಬುತ್ತಿರಲಿಲ್ಲ. "ಹಿಡ್ಕೊಂಡಿದೀರಾ?" ಎಂದು ತಿರುಗಿ ನೋಡುವಳು, ತಿರುಗಿದ ಕೂಡಲೇ ಧೊಪ್ಪನೆ ಬೀಳುವಳು. ಎದ್ದು ಸೀರೆ ಕೊಡವಿಕೊಂಡು, "ನೋಡಿ, ನೀವು ಬಿಟ್ರಿ, ನಾನು ಬಿದ್ದೆ" ಎಂದು ನನ್ನ ತಲೆಗೇ ಕಟ್ಟುವಳು. ಅಷ್ಟು ದೂರ ಒಬ್ಬಳೇ ಬಂದದ್ದು ಲೆಕ್ಕಕ್ಕೇ ಇಲ್ಲ! ನನಗೆ ಸಿಟ್ಟು ನೆತ್ತಿಗೇರುತ್ತಿತ್ತು.

ಫೋಟೊ ತೆಗೆದು ತೋರಿಸೋಣವೆಂದರೆ ನನ್ನ ಹಳೆಯ ರೀಲ್ ಕ್ಯಾಮೆರಾ ಇಟ್ಟಿಗೆಯಷ್ಟು ಭಾರ. ಭಾನುವಾರ ನಾನು ಸೈಕಲ್ಲಿನಲ್ಲಿ ಊರೂರು ತಿರುಗುವಾಗ ಅದು ಕೊರಳಲ್ಲಿ ನೇತಾಡಿ ಎದೆಗೆ ಗುದ್ದುತ್ತಿತ್ತು. ರೀಲ್ ಮುಗಿದು, ಸ್ಟುಡಿಯೊದವರು ತೊಳೆದು ಕೊಡುವ ಹೊತ್ತಿಗೆ ಶಾಲೆ ತೆರೆದಿರುತ್ತಿತ್ತು. ತೆಗೆದ ತಕ್ಷಣ ತೋರಿಸುವ ಡಿಜಿಟಲ್ ಕ್ಯಾಮೆರಾ ಆಗಷ್ಟೇ ಹಾಸನದ ಅಂಗಡಿಗಳಿಗೆ ಬಂದಿತ್ತು, ನನಗೂ ಅದರ ಮೇಲೆ ಕಣ್ಣಿತ್ತು. ನೆಪ ತಾನಾಗಿ ಒದಗಿಬಂದರೆ ಬಿಡಲು ನಾನೇನು ಹುಚ್ಚನೇ? ಅವಳನ್ನೂ ಕರೆದುಕೊಂಡು ಹೊರಟೆ.

ಅಂಗಡಿಯವನು ಗಾಜಿನ ಮೇಲೆ ಸಾಲಾಗಿ ಜೋಡಿಸಿ, ಇದು ಇಷ್ಟು ಮೆಗಾಪಿಕ್ಸೆಲ್, ಇದು ಇಷ್ಟು ಜೂಮ್ ಎಂದು ಶುರುಮಾಡಿದ. ನನಗೆ ಬೇಕಾದದ್ದು ಅದಲ್ಲ. ಅಂಗಿ ಜೇಬಿನಲ್ಲಿ ಕೂರಬೇಕು. ಪೆನ್ಸಿಲ್ ಸೆಲ್ಲಿನಲ್ಲಿ ನಡೆಯಬೇಕು, ಏಕೆಂದರೆ ಕಟ್ಟಾಯದಂಥ ಹಳ್ಳಿಯ ಪೆಟ್ಟಿಗೆ ಅಂಗಡಿಯಲ್ಲೂ ಅದು ಸಿಗುತ್ತದೆ. ಮುಖ್ಯವಾಗಿ, ಒಂದೇ ಕೈಯಲ್ಲಿ ತೆಗೆಯಲು ಬರಬೇಕು. ಪರೀಕ್ಷಿಸಿಯೇಬಿಡೋಣವೆಂದು ಅಂಗಡಿ ಮುಂದಿನ ರಸ್ತೆಗಿಳಿದೆ. ಎಡಗೈಯಲ್ಲಿ ಇಲ್ಲದ ಕ್ಯಾರಿಯರ್ ಹಿಡಿದು, ಬಲಗೈಯಲ್ಲಿ ಗುಂಡಿ ಒತ್ತುತ್ತಾ ಓಡಿದೆ.

"ಸಾ, ಸಾ, ಒಳೀಕ್ ಬನ್ನಿ ಸಾ! ಕ್ಯಾಮೆರಾ ಎತ್ಕಂಡ್ ಓಡ್ತಾವ್ರೆ ಅಂತ ಜನ ಇಡ್ಕಂಡ್ಬುಟ್ಟಾರು!" ಎಂದು ಅಂಗಡಿಯವನು ಹಿಂದೆಯೇ ಓಡಿಬಂದ. ನನ್ನ ಹೆಂಡತಿ ಗುರುತಿಲ್ಲದವಳಂತೆ ಪಕ್ಕದ ಬಳೆ ಅಂಗಡಿ ನೋಡುತ್ತಾ ನಿಂತಳು. ಕೊನೆಗೆ, ಮುಚ್ಚಳ ಸರಿಸಿದರೆ ಸಾಕು, ತಾನೇ ಕಣ್ಣು ಬಿಡುವ ಒಂದು ತೆಳ್ಳನೆಯದು ನನಗೆ ಒಪ್ಪಿಗೆಯಾಯಿತು.

ಮಾರನೆಯ ಬೆಳಿಗ್ಗೆ ನಾಲೆ ಏರಿಯ ಮೇಲೆ ಅವಳ ಹಿಂದೆ ಓಡುತ್ತಾ ಕ್ಯಾರಿಯರ್ ಬಿಟ್ಟೆ, ಗುಂಡಿ ಒತ್ತಿದೆ. ಒತ್ತಿದ ಮೇಲೆ ಒಂದು ಕ್ಷಣ ಯೋಚಿಸಿ ಕ್ಲಿಕ್ಕೆನ್ನುವ ಜಾತಿಯದು ಅದು. ಮೊದಲು ಬಂದದ್ದು ಬರೀ ಹಿಮ್ಮಡಿ, ಆಮೇಲೆ ಬರೀ ಆಕಾಶ. ಮತ್ತೊಂದು ಸಲಕ್ಕೆ ಸೊಂಟದಿಂದ ಮೇಲೆ ನನ್ನ ಹೆಂಡತಿ ಚೆನ್ನಾಗಿ ಸಿಕ್ಕಳು. ಕೂಗಿ ನಿಲ್ಲಿಸಿದೆ. ಬಿಸಿಲಿಗೆ ಪರದೆ ಕಾಣದೆ, ಸೆರಗು ಮರೆಮಾಡಿಕೊಂಡು ಬಹಳ ಹೊತ್ತು ನೋಡಿದಳು. ನಾನು ಗೆದ್ದೆನೆಂದು ಬೀಗುತ್ತಾ ನಿಂತಿದ್ದೆ.

"ಇನ್ನೊಂದು ಕೈ ಎಲ್ಲಿತ್ತು?" ಅಂದಳು.

"ಯಾವ ಕೈ?"

"ಒಂದೇ ಕೈಲಿ ತೆಗೆಯೋದು ಬೇಕು ಅಂತ ಹಾಸನದ ಬೀದೀಲಿ ಓಡಿದ್ರಲ್ಲ. ಇನ್ನೊಂದ್ರಲ್ಲಿ ಕ್ಯಾರಿಯರ್ ಹಿಡ್ಕೊಂಡಿದ್ರಿ ತಾನೆ?"

ಅಷ್ಟು ಅಳೆದು ಸುರಿದು ಆರಿಸಿದ ಗುಣವೇ ನನಗೆ ತಿರುಗಿಬಿದ್ದಿತ್ತು.

ದಾರಿ ಕಂಡುಕೊಂಡವಳು ಅವಳೇ. ಕ್ಯಾಮೆರಾ ಕಿತ್ತುಕೊಂಡು ತನ್ನ ಕೈಚೀಲಕ್ಕೆ ಹಾಕಿದಳು. ನನ್ನನ್ನು ಹುಣಸೆ ಮರದ ಪಕ್ಕ ನಿಲ್ಲಿಸಿದಳು. "ಎರಡೂ ಕೈ ಮೇಲೆತ್ತಿ. ನಾನು ದೂರ ಹೋಗಿ ಫೋಟೊ ತೆಗೀತೀನಿ. ಅದ್ರಲ್ಲಿ ನೀವು ಇಲ್ಲೇ ಇದ್ರೆ ನಂಬ್ತೀನಿ," ಎಂದವಳೇ ಕಾಲೂರಿ ತಳ್ಳಿಕೊಂಡು ಹೊರಟಳು. ಈ ಸಲ ತಿರುಗಿ ನೋಡಲಿಲ್ಲ.

ಹಸು ಹೊಡೆದುಕೊಂಡು ಬಂದ ರೈತರೊಬ್ಬರು ನಿಂತು, "ಯಾಕ್ ಸಾ, ಅಮ್ಮಾರು ನಿಮ್ಮುನ್ನ ಇಂಗ್ ನಿಲ್ಸ್ಬುಟ್ಟು ಒಂಟೋದ್ರು?" ಅಂದರು.

"ಸೈಕಲ್ ಕಲೀತಿದ್ದಾಳೆ."

ಅವರು ದೂರದ ಸೈಕಲ್ಲನ್ನೊಮ್ಮೆ ನೋಡಿದರು. "ಕಲ್ತಾಯ್ತಲ್ಲ ಸಾ, ಕೈ ಇಳ್ಸಿ," ಎಂದು ನಗುತ್ತಾ ಹೋದರು.

ನಾನು ಇಳಿಸಲಿಲ್ಲ. ದೂರದಲ್ಲಿ ಅವಳು ಕಾಲೂರಿ ನಿಂತು, ಈ ಕಡೆ ತಿರುಗಿ, ಎರಡೂ ಕೈಯಲ್ಲಿ ಕ್ಯಾಮೆರಾ ಹಿಡಿದಳು. ವಾಪಸು ಬಂದು ತೋರಿಸುತ್ತಾಳೆಂದು ಕಾದೆ. ಬರಲಿಲ್ಲ. ಒಮ್ಮೆ ಕೈಬೀಸಿ ಶಾಲೆಯ ಹಳ್ಳಿಯ ಕಡೆಗೇ ಹೋಗಿಬಿಟ್ಟಳು. ನನಗೆ ಕುಣಿಯುವಷ್ಟು ಖುಷಿಯಾಯಿತು. ಜೊತೆಗೆ, ಇಳಿಸಿದ ಕೈಗಳಿಗೆ ಹಿಡಿದುಕೊಳ್ಳಲು ಏನೂ ಇಲ್ಲದೆ ಸ್ವಲ್ಪ ಪೆಚ್ಚೂ ಆಯಿತು. ಮನೆಗೆ ನಡೆದೇ ಬಂದೆ.

ಆಮೇಲೆ ಆ ಕ್ಯಾಮೆರಾ ನನ್ನ ಜೇಬಿಗೆ ಬರಲೇ ಇಲ್ಲ. ಅವಳ ಕೈಚೀಲದಲ್ಲೇ ದಿನಾ ಶಾಲೆಗೆ ಹೋಗಿಬಂತು. ಅವತ್ತಿನ ಫೋಟೊಗೆ ಕಟ್ಟು ಹಾಕಿಸಿ ಹಜಾರದಲ್ಲಿ ತೂಗುಹಾಕಿದ್ದಾಳೆ. ಉದ್ದನೆಯ ಏರಿ, ಅದರ ತುದಿಯಲ್ಲಿ ಕಡಲೆಕಾಯಿಯಷ್ಟು ನಾನು, ಪೊಲೀಸರಿಗೆ ಸಿಕ್ಕಿಬಿದ್ದವನಂತೆ ಎರಡೂ ಕೈ ಮೇಲೆ. ಅವಳೂ ಅದರಲ್ಲಿಲ್ಲ, ಸೈಕಲ್ಲೂ ಇಲ್ಲ. ಆದರೂ ಬಂದವರೆಲ್ಲರಿಗೂ ಅವಳು ಹೇಳುವುದು ಒಂದೇ: "ಇದು ನಾನು ಸೈಕಲ್ ಹೊಡೀತಿರೋ ಫೋಟೊ."