ಆಳಂದದಿಂದ ಜೇವರ್ಗಿಗೆ ಸುತ್ತು ದಾರಿ

ಎಳ್ಳಮಾವಾಸ್ಯೆಯ ಬೆಳಿಗ್ಗೆ ಆಳಂದದ ಬಸ್ ನಿಲ್ದಾಣದಲ್ಲಿ ನಾಯಿಗಳನ್ನೂ ನನ್ನನ್ನೂ ಬಿಟ್ಟರೆ ಹೆಚ್ಚು ಜನರಿರಲಿಲ್ಲ. ನಮ್ಮ ಕಡೆ ಆ ದಿನ ಊರಿಗೆ ಊರೇ ಹೊಲಕ್ಕೆ ಹೋಗಿ ಉಣ್ಣುತ್ತದೆ. ಹೊಲವಿಲ್ಲದವರೂ ಯಾರದಾದರೂ ಹೊಲ ಹುಡುಕಿಕೊಳ್ಳುತ್ತಾರೆ. ಜೇವರ್ಗಿಯಲ್ಲಿರುವ ನಮ್ಮಕ್ಕ ನನ್ನನ್ನು ತಮ್ಮ ಹೊಲಕ್ಕೆ ಕರೆದಿದ್ದಳು. ಕಲಬುರಗಿಯ ಮೇಲೆ ಹೋದರೆ ಸಲೀಸು, ಆದರೆ ಆ ಬಸ್ಸು ನಾನು ತೋರಿಸಿಕೊಳ್ಳುವ ಆಸ್ಪತ್ರೆಯ ಮುಂದೆಯೇ ಹಾಯುತ್ತದೆ. ಮರುದಿನ ಹೇಗೂ ರಿಪೋರ್ಟು ತರಲು ಅಲ್ಲಿಗೆ ಹೋಗಲೇಬೇಕಿತ್ತು. ಹಬ್ಬದ ದಿನವಾದರೂ ಅದರ ಗೋಡೆ ಕಣ್ಣಿಗೆ ಬೀಳದಿರಲಿ ಎಂದು ಅಫಜಲಪುರದ ಸುತ್ತು ದಾರಿ ಹಿಡಿದೆ.

ಎರಡು ವರ್ಷದ ಹಿಂದೆ ನನ್ನ ಎಡಗೆನ್ನೆಯ ಒಳಗೆ ಕ್ಯಾನ್ಸರ್ ಆಗಿತ್ತು. ಆಪರೇಷನ್ ಮಾಡಿದರು, ಕರೆಂಟ್ ಎನ್ನುವ ರೇಡಿಯೇಷನ್ ಕೊಟ್ಟರು, ವಾಸಿಯಾಯಿತು ಎಂದರು. ಬಾಯಿ ಮಾತ್ರ ಮೊದಲಿನ ಬಾಯಿಯಾಗಲಿಲ್ಲ. ಎಂಜಲು ಬತ್ತಿತು. ಎರಡು ಬೆರಳು ಹಿಡಿಸುವಷ್ಟೇ ತೆರೆಯುತ್ತದೆ. ಖಾರವೂ ಕಡಕ್ ರೊಟ್ಟಿಯೂ ದೂರದ ನೆಂಟರಾದವು. ಈಚೆಗೆ ಅದೇ ಜಾಗದಲ್ಲಿ ಬೆಳ್ಳಗೆ ಒಂದು ಕಲೆ ಎದ್ದಿತ್ತು. ಡಾಕ್ಟರು ಅದರ ಚೂರು ಕತ್ತರಿಸಿ ಬಯಾಪ್ಸಿಗೆ ಕಳಿಸಿ, ಹೊಲಿಗೆ ಹಾಕಿದ್ದರು. ನಾನು ಶಾಲೆಯಲ್ಲಿ ಪಾಠ ಹೇಳುವವಳು, ತಂಬಾಕು ಮುಟ್ಟಿದವಳಲ್ಲ. ಆದರೂ ಬಂದವರೆಲ್ಲ ಅದನ್ನೇ ಕೇಳುತ್ತಿದ್ದರು. ಅವರಿಗೆ ಉತ್ತರ ಹೇಳಿ ಸಾಕಾಗಿ ಸೆರಗನ್ನು ಬಾಯಿಗೆ ಅಡ್ಡ ಹಿಡಿಯುವುದು ರೂಢಿಯಾಗಿತ್ತು. ಒಳಗೆ ಏನಿದೆ ನೋಡೋಣವೆಂದು ಮನೆಯಲ್ಲಿ ಯಾರೂ ಕೇಳಲಿಲ್ಲ. ಅವರಿಗೆ ಭಯ. ನಾನೂ ತೋರಿಸಲಿಲ್ಲ.

ಬಸ್ಸು ಹೊರಟಾಗ ಮಂಜು ಇನ್ನೂ ಕರಗಿರಲಿಲ್ಲ. ಕಂಡಕ್ಟರು ಆಧಾರ್ ಕಾರ್ಡು ನೋಡಿ ಹೆಂಗಸರ ಬಿಟ್ಟಿ ಟಿಕೆಟ್ಟು ಹರಿದುಕೊಟ್ಟು, "ಹಬ್ಬ ಬಿಟ್ಟು ಎಲ್ಲಿಗೆ ಹೊಂಟೀರಿ ಟೀಚರ್?" ಎಂದ. "ಹಬ್ಬಕ್ಕೇ ಹೊಂಟೇನಿ" ಎಂದೆ. ಪಕ್ಕದಲ್ಲಿ ಮಟಕಿ ಊರಿನ ಒಬ್ಬ ಅಜ್ಜಿ ಬುಟ್ಟಿ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಬುಟ್ಟಿಯೊಳಗಿನ ಸಜ್ಜೆ ರೊಟ್ಟಿಯ ವಾಸನೆಗೆ ನನಗೆ ಜೋಂಪು ಹತ್ತಿತು. ಕಣ್ಣು ಬಿಟ್ಟಾಗೊಮ್ಮೆ ಕಿಟಕಿಯಲ್ಲಿ ಜೋಳದ ಹೊಲ, ಮತ್ತೊಮ್ಮೆ ಕಡಲೆ, ಮತ್ತೊಮ್ಮೆ ಅರಳಿದ ಕುಸುಬೆ. ಮಂಜಿನೊಳಗಿಂದ ಎತ್ತಿನ ಗಾಡಿಗಳು ಮೂಡಿ ಮಂಜಿನೊಳಗೇ ಹೋಗುತ್ತಿದ್ದವು. ಕೆಲ ಹೊತ್ತು ನನಗೆ ಬಾಯಿಯೇ ಇಲ್ಲವೆನ್ನಿಸಿತು, ಬರೀ ಕಣ್ಣುಗಳು ಬಸ್ಸಿನಲ್ಲಿ ಕೂತು ಹೊರಟಂತೆ. ಅಷ್ಟು ಸುಖ ಆ ವಾರದಲ್ಲಿ ಸಿಕ್ಕಿರಲಿಲ್ಲ.

ಅಫಜಲಪುರದಲ್ಲಿ ಇಳಿದಾಗ ಬಿಸಿಲು ಬಂದಿತ್ತು. ಹೋಟೆಲುಗಳು ಬಾಗಿಲು ಹಾಕಿದ್ದವು. ಜೇವರ್ಗಿ ಬಸ್ಸು ತಡ ಎಂದರು. ಅದೇ ದಾರಿಯಲ್ಲಿರುವ ಸೊನ್ನದ ಕಡೆ ಹೊರಟ ಟಂಟಂ ಆಟೋ ಒಂದರಲ್ಲಿ ಕೂತೆ. ಅಲ್ಲಿ ಇಳಿದರೆ ಬ್ಯಾರೇಜಿನ ಹಿಂದೆ ಭೀಮಾ ನದಿ ಅಲುಗಾಡದೆ ನಿಂತಿತ್ತು. ಈ ದಂಡೆಯ ಕಬ್ಬು, ಆ ದಂಡೆಯ ಮಸುಕು ಮರಗಳು, ನಡುವೆ ಬೆಳ್ಳಕ್ಕಿಗಳು. ಇಷ್ಟು ನೀರು ನೋಡುತ್ತ ನಿಂತರೂ ನನ್ನ ನಾಲಿಗೆ ಅಂಗುಳಕ್ಕೆ ಅಂಟುತ್ತಿತ್ತು. ಬಾಟಲಿ ಎತ್ತಿ ಗುಟುಕು ಹಾಕುತ್ತ ರಸ್ತೆಗೆ ಬಂದು ಬೇವಿನ ನೆರಳಲ್ಲಿ ಬಸ್ಸಿಗೆ ಕಾದೆ. ಬಸ್ಸು ಬರಲಿಲ್ಲ.

ರಸ್ತೆಗೆ ಹತ್ತಿದ ಹೊಲದಲ್ಲಿ ಒಂದು ಮನೆತನದವರು ಕೂತಿದ್ದರು. ಅವರ ಟ್ರ್ಯಾಕ್ಟರಿಗೆ ನೀಲಿ ಬಾವುಟ ಕಟ್ಟಿತ್ತು, ಮುಂಭಾಗದಲ್ಲಿ ಬುದ್ಧನ ಚಿತ್ರ. ಅಲ್ಲಿಂದ ಹೆಂಗಸೊಬ್ಬಳು ಎದ್ದು ಬದುವಿಗೆ ಬಂದಳು. ಹೆಸರು ಸುಜಾತಾ, ಅಫಜಲಪುರದಲ್ಲಿ ನರ್ಸು ಎಂದು ಆಮೇಲೆ ತಿಳಿಯಿತು.

"ಬರ್ರಿ ಅಕ್ಕಾರ, ಒಂದು ತುತ್ತು ಉಂಡು ಹೋಗ್ರಿ. ಬಸ್ ಈಗೇನು ಬರಂಗಿಲ್ಲ."

ಎಳ್ಳಮಾವಾಸ್ಯೆಯಂದು ದಾರಿಹೋಕರನ್ನು ಕರೆಯದೆ ಯಾರೂ ಉಣ್ಣುವುದಿಲ್ಲ. ಕರೆದರೆ ಹೋಗದವರೂ ಇಲ್ಲ. ನಾನು ಹೋದೆ. ಕಂಬಳಿಯ ಮೇಲೆ ಕೂರಿಸಿದರು. ಸುಜಾತಳ ಅತ್ತೆ ಶಾಂತಾಬಾಯಿ ತಾಟಿನಲ್ಲಿ ಸಜ್ಜೆ ರೊಟ್ಟಿ, ಕಾಳು-ಸೊಪ್ಪು ಬೆರೆಸಿದ ಭಜ್ಜಿ ಪಲ್ಯ, ಶೇಂಗಾದ ಖಾರದ ಹಿಂಡಿ ಇಟ್ಟು ಮುಂದೆ ಸರಿಸಿದಳು. ಒಂದೊಂದೂ ನನ್ನ ಹೊಲಿಗೆಗೆ ವೈರಿ.

"ಬ್ಯಾಡ್ರಿ, ನಂದು ಊಟ ಆಗ್ಯಾದ" ಎಂದೆ, ಸೆರಗಿನ ಒಳಗಿಂದ.

"ಅಮಾಸಿ ದಿನ ಇಷ್ಟು ಲಗೂ ಊಟ ಆತೇನ್ರಿ?" ಎಂದಳು ಶಾಂತಾಬಾಯಿ. "ಇರ್ಲಿ. ನೀರರ ಕುಡೀರಿ."

ಅವಳು ತಂಬಿಗೆ ಹಿಡಿಯುವುದಕ್ಕೂ ನಾನು ನನ್ನ ಬಾಟಲಿಯ ಮುಚ್ಚಳ ತಿರುಗಿಸುವುದಕ್ಕೂ ಸರಿಹೋಯಿತು. ಕೈಗೆ ರೂಢಿಯಾದದ್ದು, ಕೈ ಮಾಡಿತು. ತಂಬಿಗೆ ನಡುವೆ ನಿಂತಿತು. ಸುಜಾತಾ ನನ್ನ ಹಣೆಯ ವಿಭೂತಿ ನೋಡಿದಳು, ಆಮೇಲೆ ಟ್ರ್ಯಾಕ್ಟರಿನ ಬಾವುಟದ ಕಡೆ ನೋಡಿದಳು.

"ಬಿಡು, ಸುಜಾತಾ" ಎಂದಳು ಶಾಂತಾಬಾಯಿ, ತಾಟು ಹಿಂದಕ್ಕೆ ಎಳೆದುಕೊಳ್ಳುತ್ತ. "ಒಲ್ಲದವ್ರಿಗೆ ಒತ್ತಾಯ ಮಾಡಬಾರದು."

ಸಿಟ್ಟಿನ ದನಿಯಲ್ಲ. ಹಿಂದೆಯೂ ಕಂಡು ಮುಗಿಸಿದ್ದನ್ನು ಇನ್ನೊಮ್ಮೆ ಕಂಡವರ ದನಿ. ನನಗೆ ನಾಚಿಕೆಯಾಯಿತು. ಬಾಯಿಯ ಗಾಯವನ್ನು ಮಾತಿನಲ್ಲಿ ಹೇಳಿದರೆ ಅದೂ ಒಂದು ನೆಪವೆನ್ನಿಸುತ್ತಿತ್ತು. ನಾನು ಸೆರಗು ತೆಗೆದು, ಶಾಂತಾಬಾಯಿಯ ಮುಂದೆ ಮಂಡಿಯೂರಿ, ತೆರೆಯುವಷ್ಟೂ ಬಾಯಿ ತೆರೆದೆ.

ಅವಳು ಹಿಂಜರಿಯಲಿಲ್ಲ. ನನ್ನ ಗದ್ದ ಹಿಡಿದು ಮುಖವನ್ನು ಬಿಸಿಲಿಗೆ ತಿರುಗಿಸಿ, ಸಾವಕಾಶವಾಗಿ ಒಳಗೆಲ್ಲ ನೋಡಿದಳು.

"ಬೆಳ್ಳಗ ಕಲಿ ಅದ. ಹಾಲುಗಾಳು ಜ್ವಾಳದಷ್ಟು. ಬಾಜೂಕ ಹೊಲಿಗಿ ಅದ" ಎಂದು ಸೊಸೆಗೆ ಹೇಳಿದಳು. ನನಗೆ, "ಯಾವಾಗ ತಿಳೀತದ ತಂಗಿ?"

"ನಾಳಿಗೆ" ಎಂದೆ. ಅಷ್ಟು ಹೇಳುವುದರೊಳಗೆ ಅಳು ಬಂತು. ಆ ವಾರವೆಲ್ಲ ಬಾರದ್ದು ಆ ಹೊಲದಲ್ಲಿ ಬಂತು. ಯಾರೂ ಸುಮ್ಮನಿರು ಎನ್ನಲಿಲ್ಲ.

ಶಾಂತಾಬಾಯಿ ಗಡಿಗೆಯೊಳಗಿನ ಅಂಬಲಿಯನ್ನು ವಾಟಗಕ್ಕೆ ಬಸಿದು, ತಮ್ಮ ತಂಬಿಗೆಯ ನೀರು ಬೆರೆಸಿ ತೆಳ್ಳಗೆ ಮಾಡಿ ಕೊಟ್ಟಳು. "ಉರೀತದೇನು?" "ಇಲ್ಲ" ಎಂದೆ. ತುಸು ಉರಿಯುತ್ತಿತ್ತು, ಆದರೂ ತಂಪಾಗಿತ್ತು. ಎರಡನೆಯ ವಾಟಗ ನಾನೇ ಕೇಳಿ ಕುಡಿದೆ.

ಊಟವಾದ ಮೇಲೆ ಚರಗ ಚೆಲ್ಲಲು ಎದ್ದರು. "ಪೂಜಿ-ಗೀಜಿ ನಾವು ಮಾಡಂಗಿಲ್ಲರಿ. ಆದ್ರ ನಮಗ ಉಣಸಿದ ಹೊಲ ಉಪಾಸ ಇರಬಾರದು" ಎಂದಳು ಸುಜಾತಾ. ಅವಳು ಅನ್ನ, ಪಲ್ಯ ಬೆರೆಸಿ ಪೈರಿಗೆ ಎರಚುತ್ತ ಮುಂದೆ ನಡೆಯಬೇಕು, ಹಿಂದೆ ಒಬ್ಬರು ನೀರು ಚಿಮುಕಿಸುತ್ತ ಬರಬೇಕು. "ನೀರು ನೀವು ಹಾಕ್ರಿ" ಎಂದಳು. ನಾನು ನನ್ನ ಬಾಟಲಿಯ ನೀರನ್ನೇ ಚಿಮುಕಿಸುತ್ತ ಅವಳ ಬೆನ್ನ ಹಿಂದೆ ನಡೆದೆ. ಜೋಳ ಎದೆಮಟ್ಟ ಇತ್ತು. ತೆನೆಗಳು ಎರಡೂ ಕಡೆ ತೋಳಿಗೆ ತಾಗುತ್ತಿದ್ದವು. ದೂರದ ಹೊಲಗಳಲ್ಲಿ ಬೇರೆ ಬೇರೆ ಜನ ಚರಗ ಚೆಲ್ಲುತ್ತ ಕೂಗುತ್ತಿದ್ದರು. ಹೊಲಕ್ಕೆ ಕೊನೆಯೇ ಇಲ್ಲದಿದ್ದರೆ ಚೆನ್ನಾಗಿತ್ತು, ಹೀಗೆಯೇ ನಡೆಯುತ್ತಿದ್ದರೆ ನಾಳೆ ಬರುವುದೇ ಇಲ್ಲ ಎಂದುಕೊಂಡೆ. ಹೊಲ ಮುಗಿಯಿತು, ಬಾಟಲಿಯೂ ಖಾಲಿಯಾಯಿತು.

ಬಸ್ಸಿನ ಹಾರ್ನು ಕೇಳಿದಾಗ ಶಾಂತಾಬಾಯಿ ಬಾಟಲಿ ಕಸಿದುಕೊಂಡು ತಮ್ಮ ಕೊಡದಿಂದ ತುಂಬಿಸಿದಳು. ಸುಜಾತಾ ತನ್ನ ಫೋನ್ ನಂಬರು ಕೊಟ್ಟಳು. "ಏನರ ಬರ್ಲಿ, ಹೇಳ್ರಿ. ನಮ್ಮತ್ತಿ ಇನ್ನ ನಿಮ್ಮ ಬಾಯಿ ಮರೆಯಂಗಿಲ್ಲ."

ಜೇವರ್ಗಿ ಮುಟ್ಟುವ ಹೊತ್ತಿಗೆ ಸಂಜೆಯಾಗಿತ್ತು. ಅಕ್ಕ ಹೊಲದಿಂದ ಮರಳಿ ಬಾಗಿಲಲ್ಲೇ ಕೂತಿದ್ದಳು. "ಎಲ್ಲಿ ಉಂಡಿ?" ಎಂದು ಮುನಿಸಿಕೊಂಡಳು. "ಸೊನ್ನದಾಗ, ನಮ್ಮವರ ಹೊಲದಾಗ" ಎಂದೆ. ಅವಳು ನಮ್ಮ ನೆಂಟರನ್ನೆಲ್ಲ ನೆನಪು ಮಾಡಿಕೊಂಡು ಸೋತಳು.

ಮರುದಿನ ಇಬ್ಬರೂ ಕಲಬುರಗಿಗೆ ಹೋದೆವು. ಡಾಕ್ಟರು ಕಾಗದ ಓದಿ ಕನ್ನಡಕ ತೆಗೆದರು. "ಅದೇ ತಿರುಗಿ ಬಂದಿದೆ. ಆದರೆ ಶುರುವಿನಲ್ಲೇ ಸಿಕ್ಕಿದೆ, ಬಹಳ ಸಣ್ಣದು. ತೆಗೆದುಬಿಡೋಣ" ಎಂದರು. ತಿರುಗಿ ಬಂದಿದೆ ಎಂಬುದಷ್ಟೇ ನನ್ನ ಕಿವಿಗೆ ಬಿತ್ತು. ಅಕ್ಕ ಕಾರಿಡಾರಿನ ಗೋಡೆಗೆ ಒರಗಿ ಅಳತೊಡಗಿದಳು. ಅವಳನ್ನು ಕೂರಿಸಿ, ಬಾಟಲಿಯ ನೀರು ಕುಡಿಸಿ, ನಾನು ಮೊದಲು ಸುಜಾತಳ ನಂಬರಿಗೆ ಫೋನ್ ಮಾಡಿದೆ. ಎತ್ತಿದವಳು ಶಾಂತಾಬಾಯಿ.

"ತಿರುಗಿ ಬಂದದರಿ" ಎಂದೆ.



"ಸಣ್ಣದದ ತಂಗಿ" ಎಂದಳು. "ನಾ ನೋಡೀನಿ."

ಡಾಕ್ಟರು ಹೇಳಿದಾಗ ಕೇಳಿಸದ ಮಾತು ಆಗ ಕೇಳಿಸಿತು.

ಆಳಂದದ ಬಸ್ಸು ಕಡಗಂಚಿ ದಾಟುವಾಗ ಹೊಲಗಳಲ್ಲಿ ಜನರಿರಲಿಲ್ಲ, ಅಮಾವಾಸ್ಯೆ ಮುಗಿದಿತ್ತು. ಸೆರಗು ಹೆಗಲ ಮೇಲೇ ಇತ್ತು. ಬಾಟಲಿಯ ತಳದಲ್ಲಿ ಸೊನ್ನದ ನೀರು ಇನ್ನೂ ಒಂದು ಗುಟುಕು ಉಳಿದಿತ್ತು. ಊರು ಬರುವವರೆಗೆ ಅದನ್ನು ಬಾಯಲ್ಲಿ ಹಿಡಿದುಕೊಂಡೇ ಕೂತೆ.